ಐವತ್ತು ತುಂಬಲಿ ಎಂದು

ವೃಶ್ಚಿಕ ತಿಂಗಳು ಬಂತೆಂದರೆ ಕಾಸರಗೋಡಿನ ನಮ್ಮ ಕಡೆ ನಸುಕಿಗೇ ಶರಣು ಕೇಳಿಸುತ್ತದೆ. ಬಾವಿಕಟ್ಟೆಯಲ್ಲಿ ಒಂದು ಕೊಡಪಾನ ತಣ್ಣೀರು ತಲೆ ಮೇಲೆ ಬಿದ್ದ ಕೂಡಲೇ ‘ಸ್ವಾಮಿಯೇ ಶರಣಮಯ್ಯಪ್ಪ’ ಎಂದು ಒಂದು ಕೂಗು. ಅರ್ಧ ಭಕ್ತಿ, ಅರ್ಧ ಚಳಿ. ನವೆಂಬರ್ ನಡುವಿನಿಂದ 41 ದಿನ ಮಂಡಲ ಕಾಲ. ಅದು ಮುಗಿದರೆ ಜನವರಿಯಲ್ಲಿ ಮಕರವಿಳಕ್ಕು. ಅಷ್ಟು ದಿನವೂ ಭಜನಾ ಮಂದಿರಗಳಲ್ಲಿ ರಾತ್ರಿ ದೀಪ, ತಾಳ, ಕೊನೆಗೆ ಒಂದು ಹಿಡಿ ಕಡಲೆ ಉಸ್ಲಿ.

ಮಾಲೆ ಹಾಕುವವನು ಒಬ್ಬ. ವ್ರತ ಮಾತ್ರ ಇಡೀ ಮನೆಗೆ. ಬೆಳಗ್ಗೆ ಎದ್ದು ಮಿಂದು ಒಲೆ ಹಚ್ಚುವುದು, ನೀರುಳ್ಳಿ ಬೆಳ್ಳುಳ್ಳಿ ಅಟ್ಟಕ್ಕೆ ಹಾಕುವುದು, ಅವರ ಬಟ್ಟಲು ಲೋಟ ಬೇರೆ ಇಡುವುದು, ಮಂದಿರದಿಂದ ಬರುವ ಐದಾರು ಸ್ವಾಮಿಗಳಿಗೆ ಸಂಜೆ ಅವಲಕ್ಕಿ ಕಲಸುವುದು, ಇದೆಲ್ಲ ನಮ್ಮ ಕೈಯಲ್ಲಿ. ನನಗೆ ಇದರಲ್ಲಿ ಬೇಸರ ಇಲ್ಲ. ನಿಜ ಹೇಳಬೇಕೆಂದರೆ ವರ್ಷದಲ್ಲಿ ನಮ್ಮ ಮನೆ ಅತಿ ಚೆಂದ ಇರುವುದು ಆ ತಿಂಗಳಲ್ಲೇ. ಯಾರೂ ದನಿ ಏರಿಸುವುದಿಲ್ಲ. ಗಂಡ ಹೆಂಡತಿಯನ್ನೂ ‘ಸ್ವಾಮಿ’ ಎಂದೇ ಕರೆಯುವ ಮನೆಯಲ್ಲಿ ಜಗಳ ಆಡುವುದು ಹೇಗೆ?

ನನಗೆ ನಲವತ್ತೇಳು. ‘ಇನ್ನು ಮೂರೇ ವರ್ಷ ಅತ್ತಿಗೆ, ಆಮೇಲೆ ನಿಮಗೂ ಇರುಮುಡಿ’ ಎಂದು ಮೈದುನ ತಮಾಷೆ ಮಾಡುತ್ತಾನೆ. ಹತ್ತರಿಂದ ಐವತ್ತು ವರ್ಷದ ಹೆಂಗಸರು ಹೋಗುವ ಹಾಗಿಲ್ಲ, ಶಬರಿಮಲೆಯ ಲೆಕ್ಕ ಅಷ್ಟೇ ಅಲ್ವಾ. ನನ್ನ ಮಗಳು ಒಂಬತ್ತು ವರ್ಷದವಳಿದ್ದಾಗ ಅಪ್ಪನ ಜೊತೆ ಮಾಳಿಗಪ್ಪುರಂ, ಅಂದರೆ ಮಾಲೆ ಹಾಕಿದ ಹೆಣ್ಣು, ಆಗಿ ಹೋಗಿ ಬಂದಳು. ಅತ್ತೆ ಅರವತ್ತರ ಹತ್ತಿರ ಬಂದಾಗ ಹೋದರು. ನಡುವೆ ನಾನು.

ಹೋಗುವ ಮುನ್ನಾದಿನ ಇರುಮುಡಿ ಕಟ್ಟುವುದನ್ನು ನೋಡಬೇಕು. ಅದಕ್ಕೂ ಮೊದಲು ತುಪ್ಪದ ಕಾಯಿ ತಯಾರು ಮಾಡುವ ಕೆಲಸ ನನ್ನದು. ಬಲಿತ ಕಾಯಿ ಆರಿಸಬೇಕು. ನಾರು ಒಂದೆಳೆಯೂ ಉಳಿಯದ ಹಾಗೆ ಗೆರಟೆಯನ್ನು ಗಾಜಿನ ಚೂರಿನಿಂದ ಕೆರೆಯಬೇಕು. ಆಮೇಲೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಕಪ್ಪಗೆ ಮಿನುಗಿಸಬೇಕು. ಮೂರು ಕಣ್ಣಿನಲ್ಲಿ ಮೆತ್ತಗಿನದನ್ನು ಹುಡುಕಿ ತೂತು ಮಾಡಿ, ನೀರು ಪೂರ್ತಿ ಬಸಿದು, ಕವುಚಿ ಇಟ್ಟು ಒಣಗಿಸಬೇಕು. ಸ್ವಲ್ಪ ನೀರು ಉಳಿದರೂ ತುಪ್ಪ ಕೆಡುತ್ತದೆ. ಮರುದಿನ ಮಂದಿರದಲ್ಲಿ ಶರಣು ಕೂಗುತ್ತಾ ಅದಕ್ಕೆ ತುಪ್ಪ ಹೊಯ್ದು, ಬಿರಡೆ ಹಾಕಿ, ಮುಂದಿನ ಗಂಟಿನಲ್ಲಿ ಇಡುತ್ತಾರೆ. ಹಿಂದಿನ ಗಂಟು ದಾರಿಯ ಊಟಕ್ಕೆ. ಆ ಗಂಟು ತಲೆ ಮೇಲಿಲ್ಲದೆ ಹದಿನೆಂಟು ಮೆಟ್ಟಿಲು ಹತ್ತುವ ಹಾಗಿಲ್ಲ. ಮಲೆಯಲ್ಲಿ ಕಾಯಿ ಒಡೆದು ಆ ತುಪ್ಪದಿಂದ ಅಯ್ಯಪ್ಪನಿಗೆ ಅಭಿಷೇಕ. ನನ್ನ ಬೆರಳು ಒತ್ತಿದ ಕಾಯಿ ಪ್ರತಿ ವರ್ಷ ಅಲ್ಲಿಗೆ ಹೋಗುತ್ತದೆ. ನಾನು ಹೋಗುವುದಿಲ್ಲ.

ಇದನ್ನು ದೂರಿನ ಹಾಗೆ ಹೇಳುತ್ತಿಲ್ಲ. ಮಲೆಯಲ್ಲೇ ಅಯ್ಯಪ್ಪನ ಹತ್ತಿರ ಗುಡಿ ಇರುವ ದೇವಿ ಮಾಳಿಗಪ್ಪುರತ್ತಮ್ಮನ ಕಥೆ ಚಿಕ್ಕಂದಿನಿಂದ ಕೇಳಿದ್ದೇನೆ. ಅಯ್ಯಪ್ಪ ಮಹಿಷಿಯನ್ನು ಕೊಂದಾಗ ಶಾಪ ಕಳೆದು ಚೆಂದದ ಹೆಣ್ಣೊಬ್ಬಳು ಎದ್ದು ನಿಂತಳಂತೆ. ನನ್ನನ್ನು ಮದುವೆಯಾಗು ಎಂದಳಂತೆ. ಕನ್ನಿಸ್ವಾಮಿ, ಅಂದರೆ ಮೊದಲ ಸಲ ಬರುವವನು, ಒಬ್ಬನೂ ಬಾರದ ವರ್ಷ ಮದುವೆಯಾಗುತ್ತೇನೆ ಎಂದ ಅಯ್ಯಪ್ಪ. ಅದಕ್ಕೇ ಹೊಸದಾಗಿ ಮಾಲೆ ಹಾಕಿದವರು ದಾರಿಯಲ್ಲಿ ಶರಂಕುತ್ತಿಯಲ್ಲಿ ಒಂದು ಶರ ಚುಚ್ಚಿ ಹೋಗುವುದು. ಮಕರವಿಳಕ್ಕು ಕಳೆದ ಮೇಲೆ ಅಮ್ಮನ ಮೆರವಣಿಗೆ ಅಲ್ಲಿವರೆಗೆ ಬರುತ್ತದೆ. ಶರಗಳ ರಾಶಿ ನೋಡಿ, ತಿರುಗಿ ಹೋಗುತ್ತಾಳೆ. ಮುಂದಿನ ವರ್ಷ ಮತ್ತೆ. ಅವಳು ಕಾಯುತ್ತಿರುವಾಗ ನಾನೂ ಸ್ವಲ್ಪ ಕಾಯುತ್ತೇನೆ ಎಂದು ನನಗೆ ಅನಿಸುತ್ತದೆ. ಅದು ನನ್ನ ಮತ್ತು ಅಯ್ಯಪ್ಪನ ನಡುವಿನ ಮಾತು. ಬೇರೆ ಊರಿನಲ್ಲಿ, ಅಚ್ಚನ್‌ಕೋವಿಲ್‌ನಲ್ಲಿ, ಇದೇ ಅಯ್ಯಪ್ಪ ಶಾಸ್ತಾವು ಎಂಬ ಹೆಸರಿನಲ್ಲಿ ಹೆಂಡತಿಯರಾದ ಪೂರ್ಣಾ ಪುಷ್ಕಲೆಯರ ಜೊತೆ ಸಂಸಾರಿಯಾಗಿ ಕೂತಿದ್ದಾನೆ. ಮಲೆಯಲ್ಲಿ ಬ್ರಹ್ಮಚಾರಿ. ಒಬ್ಬ ದೇವರಿಗೆ ಒಂದೊಂದು ಕಡೆ ಒಂದೊಂದು ಬದುಕು ಇರುವುದನ್ನು ನಾನು ಒಪ್ಪಬಲ್ಲೆ.

ಒಪ್ಪಲಾಗದ್ದು ಇನ್ನೊಂದು. ಅದರ ಹೆಸರು ಮೈಲಿಗೆ.

ನಮ್ಮ ಕಡೆಯ ಸ್ವಾಮಿಗಳು ಹೆಚ್ಚಾಗಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಚೆಂಗನ್ನೂರಿನಲ್ಲಿ ಇಳಿಯುತ್ತಾರೆ. ಅಲ್ಲಿಂದ ಮಲೆಯ ಬುಡದ ಪಂಪೆಗೆ ಬಸ್. ಆ ಊರಿನಲ್ಲೇ ಒಂದು ಭಗವತಿ ಇದ್ದಾಳೆ. ಅವಳಿಗೆ ಮುಟ್ಟಾಗುತ್ತದೆ. ಉಟ್ಟ ಬಟ್ಟೆಯಲ್ಲಿ ಕಲೆ ಕಂಡರೆ ಮೂರು ದಿನ ಗರ್ಭಗುಡಿ ಮುಚ್ಚುತ್ತಾರೆ. ನಾಲ್ಕನೆಯ ದಿನ ಪಂಪಾ ನದಿಗೆ ಅವಳ ಜಳಕದ ಮೆರವಣಿಗೆ, ತ್ರಿಪ್ಪೂತ್ತಾರಾಟ್ಟು. ಜನ ಸಾಲುಗಟ್ಟಿ ನಿಂತು ಕೈಮುಗಿಯುತ್ತಾರೆ. ಅಮ್ಮ ಋತುವಾದಳು ಎಂದು ಸಂಭ್ರಮ. ಅದೇ ರೈಲಿನಿಂದ ಇಳಿದ ಒಬ್ಬ ಸ್ವಾಮಿ ತನ್ನ ಮನೆಯಲ್ಲಿ ಹೆಂಡತಿಗೆ ಮುಟ್ಟಾಯಿತೆಂದು ಅವಳನ್ನು ತವರಿಗೆ ಕಳಿಸಿ ಬಂದಿರುತ್ತಾನೆ. ಈ ಎರಡೂ ನನ್ನ ತಲೆಯಲ್ಲಿ ಒಟ್ಟಿಗೆ ಕೂರುವುದೇ ಇಲ್ಲ. ದೇವಿಯ ರಕ್ತ ಪ್ರಸಾದ, ನನ್ನದು ಹೊಲಸು?

ಅತ್ತೆಯ ಕಾಲದಲ್ಲಿ ಮೂರು ದಿನ ಹೊರಗೆ ಕೂರುವುದು ಎಲ್ಲ ತಿಂಗಳೂ ಇತ್ತು. ಮಂಡಲ ಕಾಲ ಮಾತ್ರ ಅಲ್ಲ. ಈಗ ಉಳಿದ ತಿಂಗಳಲ್ಲಿ ಯಾರೂ ಕೂರುವುದಿಲ್ಲ, ಈ ಒಂದೂವರೆ ತಿಂಗಳು ಮಾತ್ರ ನಿಯಮ ಹಿಂದೆ ಬರುತ್ತದೆ. ‘ಆಗ ಅದೊಂದು ರಜೆ ಮಾರಾಯ್ತಿ, ಮೂರು ದಿನ ಒಲೆಯ ಹತ್ತಿರ ಹೋಗಲಿಕ್ಕೆ ಇರಲಿಲ್ಲ’ ಎನ್ನುತ್ತಾರೆ ಅತ್ತೆ. ಅದೂ ಸುಳ್ಳಲ್ಲ. ಆದರೆ ರಜೆ ಕೊಡಲು ಅಶುದ್ಧ ಎನ್ನಬೇಕಾ?

ಹಳೆಯ ನಿಯಮ ಎಷ್ಟು ಹಳೆಯದು ಎನ್ನುವುದೂ ಎಲ್ಲರಿಗೆ ಗೊತ್ತಿರುವುದಿಲ್ಲ. ಹತ್ತರಿಂದ ಐವತ್ತರ ನಿಷೇಧಕ್ಕೆ ಕೇರಳ ಹೈಕೋರ್ಟಿನ ಮುದ್ರೆ ಬಿದ್ದದ್ದು 1991ರ ಏಪ್ರಿಲಿನಲ್ಲಿ. ತಿಂಗಳ ಪೂಜೆಗೆ ನಡೆ, ಅಂದರೆ ಗುಡಿಯ ಬಾಗಿಲು, ತೆರೆದಾಗ ಮಕ್ಕಳ ಅನ್ನಪ್ರಾಶನಕ್ಕೆಂದು ತಾಯಂದಿರು ಸನ್ನಿಧಾನಕ್ಕೆ ಹೋಗುತ್ತಿದ್ದರು ಎಂಬುದು ಆ ತೀರ್ಪಿನಲ್ಲೇ ಇದೆ. ಮಂಡಲ, ಮಕರವಿಳಕ್ಕಿನ ಕಾಲದಲ್ಲಿ ಮಾತ್ರ ಕಟ್ಟುನಿಟ್ಟು ಜಾಸ್ತಿ. ಆಮೇಲೆ 2006ರಲ್ಲಿ ನಮ್ಮ ನಟಿ ಜಯಮಾಲಾ, 1987ರಲ್ಲಿ ತಾನು ಒಳಗೆ ಹೋಗಿ ವಿಗ್ರಹ ಮುಟ್ಟಿದ್ದೆ ಎಂದು ಹೇಳಿದಾಗ ಎಷ್ಟು ಗಲಾಟೆ ಆಯಿತೆಂದು ಕನ್ನಡದವರಿಗೆ ನೆನಪಿರಬಹುದು. ಅದೇ ವರ್ಷ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 2018ರ ಸೆಪ್ಟೆಂಬರ್ 28ಕ್ಕೆ ತೀರ್ಪು ಬಂತು. ಎಲ್ಲ ವಯಸ್ಸಿನ ಹೆಂಗಸರೂ ಹೋಗಬಹುದು ಎಂದು ನಾಲ್ವರು, ಬೇಡ ಎಂದು ಒಬ್ಬರು. ಆ ಒಬ್ಬರು ಪೀಠದಲ್ಲಿದ್ದ ಏಕೈಕ ಮಹಿಳೆ, ಇಂದು ಮಲ್ಹೋತ್ರಾ. ನಮ್ಮ ಅತ್ತೆಗೆ ಕೋರ್ಟಿನ ವಿಷಯ ಒಂದೂ ಗೊತ್ತಿಲ್ಲ, ಈ ಹೆಸರು ಮಾತ್ರ ಬಾಯಿಪಾಠ.

ಆ ಡಿಸೆಂಬರ್ ನಮ್ಮ ಜಿಲ್ಲೆ ನೋಡಬೇಕಿತ್ತು. ಕೇರಳದ ತಲೆಯಲ್ಲಿ ಇರುವ ಊರು ನಮ್ಮದು, ಹಾಗಾಗಿ ಯಾರು ಸಾಲು ಕಟ್ಟಿದರೂ ಇಲ್ಲಿಂದಲೇ ಶುರು. ಡಿಸೆಂಬರ್ 26ಕ್ಕೆ ಅಯ್ಯಪ್ಪ ಜ್ಯೋತಿ, ಹೊಸಂಗಡಿಯಿಂದ. ತೀರ್ಪು ಬೇಡ ಎನ್ನುವವರು ದೀಪ ಹಿಡಿದು ನಿಂತರು. ಅತ್ತೆ ಹೋದರು. ಜನವರಿ 1ಕ್ಕೆ ವನಿತಾ ಮತಿಲ್, ಕಾಸರಗೋಡಿನಿಂದ ತಿರುವನಂತಪುರದವರೆಗೆ 620 ಕಿಲೋಮೀಟರ್ ಹೆಂಗಸರ ಗೋಡೆ. ಶಾಲೆಯಲ್ಲಿ ಪಾಠ ಮಾಡುವ ನಾದಿನಿ ಹೋದಳು. ನಾನು ಎರಡಕ್ಕೂ ಹೋಗಲಿಲ್ಲ. ಯಾರಾದರೂ ಮನೆಯಲ್ಲಿ ಉಳಿಯಬೇಕಲ್ಲ, ದನಕ್ಕೆ ಹುಲ್ಲು ಹಾಕಲಿಕ್ಕೆ.

ಮರುದಿನ ನಸುಕಿನಲ್ಲಿ ಇಬ್ಬರು ಹೆಂಗಸರು ಸನ್ನಿಧಾನಕ್ಕೆ ಹೋಗಿ ಬಂದರು. ಸುದ್ದಿ ತಿಳಿದ ಕೂಡಲೇ ನಡೆ ಮುಚ್ಚಿ ಶುದ್ಧಿ ಮಾಡಿದರು. ಅವರು ಹೋದದ್ದರ ಬಗ್ಗೆ ನನಗೆ ದೊಡ್ಡ ಅಭಿಪ್ರಾಯ ಏನೂ ಇರಲಿಲ್ಲ. ಪೊಲೀಸರ ನಡುವೆ, ಕತ್ತಲಲ್ಲಿ, ಅವಸರದಲ್ಲಿ ಮಾಡುವ ದರ್ಶನ ನನಗೆ ಬೇಡ. ಆದರೆ ಆ ಶುದ್ಧಿ ನನಗೆ ನಾಟಿತು. ‘ಅದು ಹೆಂಗಸನ್ನು ತೊಳೆದದ್ದಲ್ಲ, ನಿಯಮ ತಪ್ಪಿದ್ದಕ್ಕೆ ಪ್ರಾಯಶ್ಚಿತ್ತ’ ಎಂದರು ಅತ್ತೆ. ಇರಬಹುದು. ಟಿವಿಯಲ್ಲಿ ಅದನ್ನು ನೋಡುತ್ತಿದ್ದ ನನ್ನ ಮಗಳಿಗೆ ಆ ವ್ಯತ್ಯಾಸ ಹೇಗೆ ಹೇಳಿಕೊಡಲಿ? ನಾದಿನಿ ಒಂದೇ ಮಾತು ಹೇಳಿದಳು: ‘ನಾನು ಮಲೆ ಹತ್ತುವುದಿಲ್ಲ ಅಮ್ಮ. ಹತ್ತಿದವಳ ಮನೆಗೆ ಕಲ್ಲು ಹೊಡೆಯಬೇಡಿ ಅಷ್ಟೇ.’ ಅತ್ತೆ ಅದಕ್ಕೆ ಎದುರು ಹೇಳಲಿಲ್ಲ.

2019ರ ನವೆಂಬರಿನಲ್ಲಿ ಮರುಪರಿಶೀಲನೆಯ ಅರ್ಜಿಗಳ ಮೇಲೆ ಇನ್ನೂ ದೊಡ್ಡ ಪೀಠ ನೋಡಲಿ ಎಂದು ಕೋರ್ಟು ಹೇಳಿತು. ಕಾನೂನಿನ ಕಥೆ ಅಲ್ಲಿಗೆ ಬಿಡುತ್ತೇನೆ.

ತಳಿಪರಂಬದ ರಾಜರಾಜೇಶ್ವರ ದೇವಸ್ಥಾನಕ್ಕೆ ಅತ್ತೆಯ ಜೊತೆ ಹೋದದ್ದು ಇದೆಲ್ಲ ತಣ್ಣಗಾದ ಮೇಲೆ. ಪಯ್ಯನೂರು ದಾಟಿದರೆ ಸಿಗುತ್ತದೆ, ನಮಗೇನು ದೂರವಲ್ಲ. ಕರ್ನಾಟಕದ ರಾಜಕಾರಣಿಗಳು ಚುನಾವಣೆ ಬಂದಾಗ ಕೈಮುಗಿಯಲು ಓಡಿ ಬರುವ ದೇವಸ್ಥಾನ ಅದು. ಅಲ್ಲಿ ಗಂಡಸರು ಹಗಲೆಲ್ಲ ಒಳಗೆ ಹೋಗಬಹುದು. ಹೆಂಗಸರಿಗೆ ರಾತ್ರಿಯ ಅತ್ತಾಳ ಪೂಜೆ ಆದ ಮೇಲೆ. ಹಗಲು ಶಿವ ತಪಸ್ಸಿನಲ್ಲಿ, ರಾತ್ರಿ ಪಾರ್ವತಿಯ ಜೊತೆ ಪ್ರಸನ್ನನಾಗಿ ಇರುತ್ತಾನೆ, ಆಗ ಹೆಂಗಸರು ಕೇಳಿದ್ದು ಕೊಡುತ್ತಾನೆ ಎಂದು ನಂಬಿಕೆ.

ಸಂಜೆಯೇ ತಲುಪಿದ್ದೆವು. ಹತ್ತಿರದ ತ್ರಿಚ್ಚಂಬರದ ಕೃಷ್ಣನನ್ನು ನೋಡಿ ಬಂದು ಪ್ರಾಕಾರದಲ್ಲಿ ಕೂತೆವು. ಗಂಡ ಒಳಗೆ ಹೋಗಿ ಬಂದು ತೀರ್ಥ ಕೊಟ್ಟು, ಚಾ ಕುಡಿಯಲು ಹೊರಗೆ ಹೋದರು. ನಮ್ಮ ಸುತ್ತ ಹೆಂಗಸರೇ. ಕಸವು ಸೀರೆಯ ಹೊಸ ಮದುಮಗಳು, ಮೊಮ್ಮಗುವನ್ನು ತೊಡೆಯಲ್ಲಿ ಮಲಗಿಸಿಕೊಂಡ ಅಜ್ಜಿ, ಬೆಂಗಳೂರಿನಿಂದ ಬಂದ ಅಕ್ಕ ತಂಗಿಯರು. ತುಪ್ಪದ ದೀಪದ ಪರಿಮಳ. ಅಪರಿಚಿತರು ಸೊಸೆ, ಮಗಳು, ಮಂಡಿನೋವು ಎಲ್ಲ ಮಾತಾಡಿಕೊಂಡರು. ಬಾಗಿಲು ಬಿಟ್ಟಾಗ ನೂಕುನುಗ್ಗಲಿಲ್ಲ. ಒಳಗೆ ಆ ಹೊತ್ತಿನ ದೀಪದಲ್ಲಿ ಶಿವ ನಿಜವಾಗಿ ಮನೆಯ ಯಜಮಾನನ ಹಾಗೆ ಕಂಡ. ಅತ್ತೆ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಏನು ಕೇಳಿದಿರಿ ಎಂದು ಆಮೇಲೆ ಕೇಳಿದೆ. ‘ನಿನ್ನ ಮಾವನ ಗೊರಕೆ ಕಡಿಮೆಯಾಗಲಿ ಎಂದೆ’ ಎಂದರು.

ಅಲ್ಲಿ ಕಾದದ್ದು ನನಗೆ ಕಷ್ಟ ಎನಿಸಲಿಲ್ಲ. ಯಾಕೆಂದು ಬರುವಾಗ ಕಾರಿನಲ್ಲಿ ಯೋಚಿಸಿದೆ. ಅಲ್ಲಿ ನನಗೆ ಯಾರೂ ನೀನು ಅಶುದ್ಧ ಎನ್ನಲಿಲ್ಲ. ನನ್ನ ಹೊತ್ತು ಬೇರೆ ಎಂದರು, ಆ ಹೊತ್ತು ಅದೇ ರಾತ್ರಿ ಬಂತು. ಇನ್ನೊಬ್ಬಳಿಗೆ ಅದೂ ಸಿಟ್ಟು ಬರಿಸಬಹುದು, ಅವಳ ಸಿಟ್ಟು ಅವಳ ಹಕ್ಕು. ನಾನು ಮಲೆಗೆ ಐವತ್ತರವರೆಗೆ ಕಾಯುತ್ತೇನೆ ಎಂದರೆ ಅದು ನನ್ನ ಹರಕೆ. ‘ನೋಡಿ, ಭಕ್ತೆಯರು ಸುಮ್ನೆ ಕಾಯುತ್ತಾರೆ’ ಎಂದು ನನ್ನನ್ನು ತೋರಿಸಿ ಬೇರೆಯವಳ ಬಾಯಿ ಮುಚ್ಚಿಸಿದರೆ ನನಗೆ ಇಷ್ಟವಿಲ್ಲ.

ದೇವರಿಗೆ ಇಷ್ಟವಿಲ್ಲ ಎಂಬ ಮಾತನ್ನು ನಮ್ಮ ಊರಿನವರು ಸ್ವಲ್ಪ ಎಚ್ಚರದಿಂದ ಆಡಬೇಕು ಎಂದು ನಾನು ಹೇಳುವುದು ಮಧೂರಿನ ಕಾರಣದಿಂದ. ಈಗ ಎಲ್ಲರೂ ಮಧೂರು ಗಣಪತಿ ಎನ್ನುತ್ತೇವೆ. 2025ರಲ್ಲಿ ಮೂಡಪ್ಪ ಸೇವೆ ಆದಾಗ ಅಪ್ಪದ ರಾಶಿಯಲ್ಲಿ ಗಣಪತಿ ಮುಚ್ಚಿಹೋದದ್ದನ್ನು ನೋಡಲು ಗಡಿಯ ಎರಡೂ ಕಡೆಯ ಜನ ಬಂದಿದ್ದರು. ಅದಕ್ಕೆ ಮುಂಚೆ ಆ ಸೇವೆ ಆದದ್ದು 1992ರಲ್ಲಿ. ಆದರೆ ಮೂಲದಲ್ಲಿ ಅದು ಶಿವನ ಗುಡಿ, ಮದನಂತೇಶ್ವರ. ಆ ಲಿಂಗ ಮೊದಲು ಕಂಡದ್ದು ಯಾರಿಗೆ? ಐತಿಹ್ಯದ ಪ್ರಕಾರ ಮದರು ಎಂಬ ಮೊಗೇರ ಸಮುದಾಯದ ಹೆಂಗಸಿಗೆ. ಶಾಸ್ತ್ರ ಓದಿದವರಿಗೆ ಕಾಣದೆ, ಶಿವ ಅವಳಿಗೆ ಕಂಡ. ಅವಳ ಸಮುದಾಯದವರಿಗೆ ನಮ್ಮ ಕಡೆಯ ದೇವಸ್ಥಾನಗಳ ಬಾಗಿಲು ಕಾನೂನಿನಲ್ಲಿ ತೆರೆದದ್ದು 1947ರ ಮದ್ರಾಸ್ ದೇವಾಲಯ ಪ್ರವೇಶ ಕಾಯ್ದೆಯಿಂದ. ಕಾಸರಗೋಡು ಆಗ ದಕ್ಷಿಣ ಕನ್ನಡದ ಜೊತೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆಗಲೂ ದೇವರಿಗೆ ಇಷ್ಟವಿಲ್ಲ ಎಂದವರು ಇದ್ದರು. ಈಗ ಹಾಗೆ ಹೇಳಲು ಯಾರಿಗೂ ನಾಚಿಕೆಯಾಗುತ್ತದೆ. ಮಧೂರಿಗೆ ಹೋದಾಗಲೆಲ್ಲ ಮದನಂತೇಶ್ವರನ ಎದುರು ನಾನು ಒಂದು ಕೈಮುಗಿತ ಜಾಸ್ತಿ ಹಾಕುತ್ತೇನೆ. ಅದು ಮದರುವಿಗೆ.

ಕಳೆದ ಮಂಡಲದಲ್ಲಿ ನಮ್ಮ ಮಂದಿರದಲ್ಲಿ ಒಬ್ಬ ಹುಡುಗ ಕನ್ನಿಸ್ವಾಮಿಯಾಗಿ ಮಾಲೆ ಹಾಕಿದ. ಹೊಸ ಮದುವೆ. ಹೆಂಡತಿಯನ್ನು ಒಂದೂವರೆ ತಿಂಗಳು ತವರಿಗೆ ಕಳಿಸುತ್ತೇನೆ ಎಂದು ಗುರುಸ್ವಾಮಿಯ ಹತ್ತಿರ ದೊಡ್ಡದಾಗಿ ಹೇಳಿದ. ಹೊಗಳುತ್ತಾರೆ ಎಂದುಕೊಂಡಿದ್ದ. ಗುರುಸ್ವಾಮಿಗಳು ಬಸ್ ಓಡಿಸಿ ನಿವೃತ್ತರಾದವರು, ಮಾತು ಕಡಿಮೆ. ‘ಅವಳ ಮನೆಯಿಂದ ಅವಳನ್ನು ಕಳಿಸಿ ನೀವು ಎಂಥ ವ್ರತ ಮಾಡುವುದು ಸ್ವಾಮಿ?’ ಎಂದರು. ‘ಬೇರೆ ಅಡಿಗೆ ಬೇಕಾದರೆ ನೀವೇ ಬೇಯಿಸಿಕೊಳ್ಳಿ. ವ್ರತ ನಿಮ್ಮದಲ್ವಾ?’

ಹುಡುಗ ಬೇಯಿಸಿದ. ಹೆಂಡತಿ ಮನೆಯಲ್ಲೇ ಉಳಿದಳು. ಇರುಮುಡಿ ಕಟ್ಟುವ ದಿನ ನನ್ನ ಪಕ್ಕ ಕೂತು ತುಪ್ಪದ ಕಾಯಿ ಉಜ್ಜುತ್ತಾ ಹೇಳಿದಳು: ‘ಮೊದಲ ವಾರ ಅನ್ನ ತಳ ಹಿಡಿದಿತ್ತು ಅಕ್ಕ. ಈಗ ಸಾರು ನನಗಿಂತ ಚೆಂದ ಮಾಡುತ್ತಾರೆ. ಮಾಲೆ ತೆಗೆದ ಮೇಲೂ ಬಿಡಬಾರದು ಎಂದು ಅಯ್ಯಪ್ಪನಿಗೆ ಹರಕೆ ಹೊತ್ತಿದ್ದೇನೆ.’