ಬಂಗಿನ ಕ್ರೀಮ್ ಕೊಡುವ ಮುಂಚೆ ನಾನು ಕೇಳುವುದು

ನಮ್ಮ ಮೆಡಿಕಲ್ ಸ್ಟೋರಿಗೆ ಬಂಗಿಗೆ, ಅಂದರೆ ಮುಖದ ಮೇಲಿನ ಕಪ್ಪು ಕಲೆಗೆ, ಔಷಧಿ ಕೇಳಿಕೊಂಡು ಬರುವ ಹೆಂಗಸರಲ್ಲಿ ಹೆಚ್ಚಿನವರ ಕೈಲಿ ಡಾಕ್ಟರ ಚೀಟಿ ಇರುವುದಿಲ್ಲ, ಹಿಂಡಿ ಮುಗಿಸಿದ ಟ್ಯೂಬ್ ಇರುತ್ತದೆ. "ಅಣ್ಣಾ, ಇದೇ ಕೊಡಿ. ನಮ್ಮ ಓರಗಿತ್ತಿಗೆ ಇದರಲ್ಲೇ ಹೋಯ್ತು."

ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಮೂರು ಹೆಸರಿರುತ್ತವೆ. ಹೈಡ್ರೋಕ್ವಿನೋನ್ ಚರ್ಮದಲ್ಲಿ ಕಪ್ಪು ಬಣ್ಣ ತಯಾರಾಗುವುದನ್ನು ತಗ್ಗಿಸುತ್ತದೆ. ಟ್ರೆಟಿನೋಯಿನ್ ಮೇಲ್ಪದರ ಬೇಗ ಉದುರುವಂತೆ ಮಾಡುತ್ತದೆ. ಮೊಮೆಟಾಸೋನ್ ಉರಿ ತಣಿಸುವ ಸ್ಟೀರಾಯ್ಡ್. ಮೂರೂ ಸೇರಿದ ಈ ಕ್ರೀಮ್ ಒಳ್ಳೆಯ ಔಷಧಿಯೇ. ಚರ್ಮದ ಡಾಕ್ಟರುಗಳು ಸಾಮಾನ್ಯವಾಗಿ 8ರಿಂದ 12 ವಾರಕ್ಕೆ ಬರೆದು ನಿಲ್ಲಿಸುತ್ತಾರೆ. ಜನ ನಿಲ್ಲಿಸುವುದಿಲ್ಲ. ಮುಖ ಬೆಳ್ಳಗಾಯಿತೆಂದು ವರ್ಷಗಟ್ಟಲೆ ಹಚ್ಚುತ್ತಾರೆ. ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ, ಕೆನ್ನೆಯ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಉರಿ, ಅದಕ್ಕೇ ಮತ್ತೆ ಅದೇ ಟ್ಯೂಬ್. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಮಾರುವವರಿದ್ದಾರೆ, ಅದು ನನಗೆ ನೋವಿನ ವಿಷಯ.

ಹಾಗಾಗಿ ಮೊದಲ ಪ್ರಶ್ನೆ: "ಎಷ್ಟು ದಿನದಿಂದ ಹಚ್ತಿದ್ದೀರಮ್ಮಾ?" ತಿಂಗಳುಗಟ್ಟಲೆ ಹಚ್ಚಿದವರಿಗೆ ಟ್ಯೂಬ್ ಕೊಡದೆ ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ. ಇದ್ದಕ್ಕಿದ್ದಂತೆ ಬಿಟ್ಟರೂ ಮುಖ ಕೆರಳುತ್ತದೆ, ಬಿಡಿಸುವುದನ್ನು ಅವರೇ ನೋಡಿಕೊಳ್ಳಬೇಕು. ಚೀಟಿ ತಂದವರಿಗೆ ನಿಲ್ಲಿಸಬೇಕಾದ ತಾರೀಖನ್ನು ಟ್ಯೂಬಿನ ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದು ಕೊಡುತ್ತೇನೆ.

ಎರಡನೇ ಪ್ರಶ್ನೆ ಇನ್ನೂ ಮುಖ್ಯ: "ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ?" ಹಟಮಾರಿ ಬಂಗಿಗೆ ಈಗ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಬರೆಯುವುದುಂಟು, ಹೆಚ್ಚಾಗಿ 250 ಮಿಲಿಗ್ರಾಂ, ದಿನಕ್ಕೆರಡು. ಮೂಲತಃ ರಕ್ತಸ್ರಾವ ನಿಲ್ಲಿಸುವ ಔಷಧಿ ಅದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯ ಜೊತೆ ಸೇರಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಬಂಗನ್ನು ಕೆರಳಿಸುವುದರಲ್ಲಿ ಆ ಹಾರ್ಮೋನ್ ಮಾತ್ರೆಯ ಪಾಲೂ ಇರಬಹುದು. ಮುಟ್ಟು ಸರಿಹೋಗಲೆಂದು ಒಬ್ಬ ಡಾಕ್ಟರು ಆ ಹಾರ್ಮೋನ್ ಮಾತ್ರೆಗೆ ಒಂದು ಚೀಟಿ, ಮುಖಕ್ಕೆಂದು ಇನ್ನೊಬ್ಬರು ಇನ್ನೊಂದು ಚೀಟಿ ಬರೆದಿರುತ್ತಾರೆ. ಎಷ್ಟೋ ಸಲ ಎರಡೂ ಒಟ್ಟಿಗೆ ಕಾಣುವುದು ನಮ್ಮ ಕೌಂಟರಿನಲ್ಲಿ ಮಾತ್ರ. ಗಂಡಸು ನಾನು, ಅವರಿಗೆ ಸಂಕೋಚವಾಗುವುದು ಸಹಜ. ಸ್ವಲ್ಪ ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳುತ್ತೇನೆ, ಹೇಳುತ್ತಾರೆ. ಕಾಲು ಬಾತು ನೋವಾಗಿದ್ದುಂಟಾ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತಾ ಎಂದೂ ಕೇಳುತ್ತೇನೆ. ಹೌದೆಂದರೆ ಮಾತ್ರೆ ಕೊಡದೆ ಬರೆದ ಡಾಕ್ಟರಿಗೇ ಫೋನ್ ಮಾಡುತ್ತೇನೆ.

"ಒಂದೇ ತಗೊಳ್ಳೋಕೆ ದುಡ್ಡಿದೆ, ಯಾವುದು ತಗೊಳ್ಳಲಿ?" ಎಂದು ಕೇಳುವವರಿಗೆ ನನ್ನ ಉತ್ತರ ಸನ್‌ಸ್ಕ್ರೀನ್. ನಮ್ಮಂಥ ಮೈಬಣ್ಣದವರಲ್ಲಿ ಬಿಸಿಲಿನ ನೇರಳಾತೀತ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢ ಮಾಡುತ್ತದೆ. ಸನ್‌ಸ್ಕ್ರೀನ್ ಟ್ಯೂಬಿನ ಮೇಲಿನ ಎಸ್‌ಪಿಎಫ್ ಅಂಕಿ ನೇರಳಾತೀತ ಕಿರಣ ತಡೆಯುವ ಅಳತೆ, ಆ ಬೆಳಕಿನ ಲೆಕ್ಕ ಹೇಳುವುದಿಲ್ಲ. ಅದನ್ನು ತಡೆಯಲು ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ಬೇಕು. ಕಡಲೆಕಾಳಿನಷ್ಟು ಹಚ್ಚಿದರೆ ಪ್ರಯೋಜನವಿಲ್ಲ. ಮುಖ, ಕತ್ತಿಗೆ ಸೇರಿ ಎರಡು ಬೆರಳುದ್ದ ಬೇಕು, ಬಿಸಿಲಲ್ಲಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ. ಹಾಗೆ ಹಚ್ಚಿದರೆ 50 ಗ್ರಾಂ ಟ್ಯೂಬ್ ತಿಂಗಳು ಪೂರ್ತಿ ಬಾರದು, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ಹೊಲದ ಕೆಲಸದವರಿಗೆ ಅಷ್ಟು ಖರ್ಚು ಹೊರೆ. ಅವರಿಗೆ ಅಗಲ ಅಂಚಿನ ಟೋಪಿ, ದಪ್ಪ ಬಟ್ಟೆಯ ಮರೆ ಹೇಳುತ್ತೇನೆ. ನಿಂಬೆರಸ ಉಜ್ಜಬೇಡಿ ಅಂತಲೂ. ಉರಿ ಎದ್ದ ಕಡೆ ಕಪ್ಪು ಹೆಚ್ಚುತ್ತದೆ.

ಬಸುರಿಯರು ಕೇಳಿದರೆ ಆ ಮೂರರ ಕ್ರೀಮೂ ಇಲ್ಲ, ಟ್ರಾನೆಕ್ಸಾಮಿಕ್ ಮಾತ್ರೆಯೂ ಇಲ್ಲ. ಹೆರಿಗೆಯಾದ ಕೆಲವು ತಿಂಗಳಲ್ಲಿ ಹಲವರಿಗೆ ಬಂಗು ತಾನಾಗಿ ತಿಳಿಯಾಗುತ್ತದೆ. ಅಲ್ಲಿವರೆಗೆ ಸನ್‌ಸ್ಕ್ರೀನ್ ಹಚ್ಚಿ, ತಡೆಯಲಾಗದಿದ್ದರೆ ಬಂಗಿಗೆ ಹಚ್ಚುವ ಇನ್ನೊಂದು ಔಷಧಿ ಅಜೆಲಾಯಿಕ್ ಆಸಿಡ್ ಆಗುತ್ತದಾ ಎಂದು ಹೆರಿಗೆ ಡಾಕ್ಟರನ್ನೇ ಕೇಳಿ ಎನ್ನುತ್ತೇನೆ.