ಟೈಟಾನಿಯಂ ಪುಡಿ: ಸರ್ಟಿಫಿಕೇಟಿನಲ್ಲಿ ಕಾಣದ ಟೊಳ್ಳು

18 ನವೆಂಬರ್ 2024, ಸೋಮವಾರ

ಇವತ್ತಿನ ಕೆಲಸ ಗ್ರೇಡ್ 23 ಟೈಟಾನಿಯಂ ಪುಡಿಯದು. 6% ಅಲ್ಯೂಮಿನಿಯಂ, 4% ವನೇಡಿಯಂ ಇರುವ ಈ ಮಿಶ್ರಲೋಹವನ್ನು ಕರಗಿಸಿ ಆರ್ಗಾನ್ ಅನಿಲದಿಂದ ಸಿಡಿಸಿ ಮಾಡಿದ್ದು. ಪುಡಿಯನ್ನು ಪದರಪದರವಾಗಿ ಹರಡಿ ಲೇಸರ್‌ನಿಂದ ಕರಗಿಸಿ ಲೋಹದ ಭಾಗ ಮಾಡುವ 3ಡಿ ಪ್ರಿಂಟಿಂಗ್‌ಗೆಂದು 15ರಿಂದ 45 ಮೈಕ್ರಾನ್‌ಗೆ ಜರಡಿ ಹಿಡಿದದ್ದು.

ಮೊದಲು ಸ್ಯಾಂಪಲ್. ಡಬ್ಬಿಯ ಮೇಲಿನಿಂದ ಒಂದು ಚಮಚ ಎತ್ತಿ ಲ್ಯಾಬ್‌ಗೆ ಕಳಿಸಿದರೆ ಮುಂದಿನ ಅಂಕಿಗಳೆಲ್ಲ ವ್ಯರ್ಥ. ದಾರಿಯುದ್ದಕ್ಕೂ ಕುಲುಕಿದ ಪುಡಿಯಲ್ಲಿ ಸಣ್ಣ ಕಣಗಳು ಸಂದಿಗಳಲ್ಲಿ ಜಾರಿ ಕೆಳಗೆ ಸೇರುತ್ತವೆ. ಆಕ್ಸಿಜನ್ ಹೆಚ್ಚಿರುವುದು ಅವುಗಳಲ್ಲೇ: 15 ಮೈಕ್ರಾನ್ ಕಣಗಳಿಗೆ ಪ್ರತಿ ಗ್ರಾಂಗೆ 45 ಮೈಕ್ರಾನ್ ಕಣಗಳ ಮೂರರಷ್ಟು ಮೇಲ್ಮೈ ಇದೆ, ಆಕ್ಸಿಜನ್ ಹಿಡಿಯುವುದು ಅಲ್ಲೇ. ಗ್ರೇಡ್ 23ಕ್ಕೆ ಆಕ್ಸಿಜನ್ ಮಿತಿ 0.13%. ಅದನ್ನು ಮೀರಿದರೆ ಲೋಹ ಗಟ್ಟಿಯಾಗುತ್ತದೆ, ಆದರೆ ಹಿಗ್ಗದೆ ಬಿರಿಯುತ್ತದೆ. ಆದ್ದರಿಂದ ಉದ್ದನೆಯ ಸ್ಯಾಂಪಲ್ ಕೊಳವೆಯನ್ನು ತಳ ಮುಟ್ಟುವವರೆಗೂ ಇಳಿಸಿ, ಹಲವು ಕಡೆ ತೆಗೆದು, ತಿರುಗುವ ವಿಭಾಜಕದಲ್ಲಿ ಪಾಲು ಮಾಡಬೇಕು.

ನಂತರ ಪುಡಿ ಎಷ್ಟು ಸರಾಗವಾಗಿ ಹರಿಯುತ್ತದೆಂದು ಅಳೆಯುವ ಹಾಲ್ ಫನಲ್: 50 ಗ್ರಾಂ ಪುಡಿ, 2.5 ಮಿ.ಮೀ. ರಂಧ್ರ, ಕೈಯಲ್ಲಿ ಸ್ಟಾಪ್‌ವಾಚ್. ಪುಡಿ ಇಳಿಯದಿದ್ದರೆ ಮೊದಲ ಅನುಮಾನ ತೇವದ ಮೇಲೆ. ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸಿ ಮತ್ತೆ ಸುರಿಯಬೇಕು. ಆಗಲೂ ನಿಂತರೆ ಅತಿಸಣ್ಣ ಕಣಗಳು ಹೆಚ್ಚಿವೆ, ಇಲ್ಲವೇ ದೊಡ್ಡ ಕಣಗಳಿಗೆ ಚಿಕ್ಕವು ಅಂಟಿವೆ. ಸಿಡಿಸುವ ಗೋಪುರದೊಳಗೆ ಅನಿಲ ಸುತ್ತಿ ಮೇಲೇರುವಾಗ ಸಣ್ಣ ಕಣಗಳನ್ನು ಹೊತ್ತು ತಂದು, ಇನ್ನೂ ಆರದ ಹನಿಗಳಿಗೆ ಬಡಿಯುತ್ತದೆ. ಹಾಗೆ ಅಂಟಿದ್ದನ್ನು ಜರಡಿ ಬಿಡಿಸಲಾರದು. 2.5ರಲ್ಲಿ ನಿಂತ ಪುಡಿಯನ್ನು 5 ಮಿ.ಮೀ. ರಂಧ್ರದ ಕಾರ್ನಿ ಫನಲ್‌ನಲ್ಲಿ ಇಳಿಸಿ "ಪಾಸ್" ಬರೆಯುವುದನ್ನು ನಾನು ಒಪ್ಪುವುದಿಲ್ಲ. ಯಂತ್ರದಲ್ಲಿ ಅದೇ ಪುಡಿ ಕೆಲವೇ ಹತ್ತು ಮೈಕ್ರಾನ್ ದಪ್ಪದ ಪದರವಾಗಿ ಸಮನಾಗಿ ಹರಡಬೇಕು.

ಪುಡಿಯ ಸರ್ಟಿಫಿಕೇಟಿನಲ್ಲಿ ಇದೆಲ್ಲ ಸರಿಯಿದ್ದರೂ ಕಣದೊಳಗಿನ ಟೊಳ್ಳು ಉಳಿಯುತ್ತದೆ. ಕರಗಿದ ಹನಿ ಚೀಲದಂತೆ ಉಬ್ಬಿ ಮುಚ್ಚಿಕೊಂಡಾಗ ಆರ್ಗಾನ್ ಒಳಗೇ ಸಿಕ್ಕಿಬೀಳುತ್ತದೆ. ದಪ್ಪ ಕಣಗಳಲ್ಲಿ ಇದು ಹೆಚ್ಚು. ಆರ್ಗಾನ್ ಲೋಹದಲ್ಲಿ ಕರಗುವುದಿಲ್ಲ. ಹಾಗಾಗಿ ಪ್ರಿಂಟ್ ಆದ ಭಾಗವನ್ನು 920 ಡಿಗ್ರಿ ಸೆಲ್ಸಿಯಸ್, 100 ಮೆಗಾಪಾಸ್ಕಲ್‌ನಲ್ಲಿ ಅದುಮಿದಾಗ ರಂಧ್ರ ಕಾಣದಷ್ಟು ಕುಗ್ಗಿದರೂ, ಆಮೇಲೆ ಒತ್ತಡವಿಲ್ಲದೆ ಹೆಚ್ಚು ಶಾಖ ಕೊಟ್ಟರೆ ಮತ್ತೆ ಅರಳಬಹುದು. ಮತ್ತೆಮತ್ತೆ ಬೀಳುವ ಭಾರದಿಂದ ಲೋಹದಲ್ಲಿ ಹುಟ್ಟುವ ಆಯಾಸದ ಬಿರುಕಿಗೆ ಅಷ್ಟು ಸಾಕು. ಅನಿಲ ತುಂಬಿ ಪುಡಿಯ ಘನಗಾತ್ರ ಅಳೆಯುವ ಹೀಲಿಯಂ ಪಿಕ್ನೋಮೀಟರ್‌ನಲ್ಲಿ ಸಾಂದ್ರತೆ ಘನ ಸೆಂ.ಮೀ.ಗೆ 4.43 ಗ್ರಾಂಗಿಂತ ಕಡಿಮೆ ಬಂದರೆ ಅದೊಂದು ಸುಳಿವು. ಆದರೆ ಅಲ್ಪಸ್ವಲ್ಪ ಟೊಳ್ಳನ್ನು ಅದು ಹಿಡಿಯದು. ಪುಡಿಯನ್ನು ರಾಳದಲ್ಲಿ ಕೂರಿಸಿ, ಉಜ್ಜಿ, ಪಾಲಿಶ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ವಿಮಾನದ ಭಾಗಕ್ಕಾದರೆ ಎಕ್ಸ್‌ರೇ ಸಿ.ಟಿ.ಯೂ ಬೇಕು. ಟಂಗ್‌ಸ್ಟನ್‌ನಂಥ ಭಾರದ ಅನ್ಯಕಣ ಅದರಲ್ಲಿ ಬೆಳ್ಳಗೆ ಹೊಳೆಯುತ್ತದೆ.

ಮರುಬಳಕೆಯ ಪುಡಿ ಬೆರೆಸುವ ಮುನ್ನ ಅದರ ಆಕ್ಸಿಜನ್ ಬೇರೆಯಾಗಿ ಅಳೆಯಬೇಕು. ಪ್ರತಿ ಬಳಕೆಗೂ ಅದು ಏರುತ್ತದೆ, ಹೊಸದನ್ನು ಸೇರಿಸಿದರೆ ಸರಾಸರಿ ಮಾತ್ರ ಇಳಿಯುತ್ತದೆ. ಜರಡಿ ಆರ್ಗಾನ್‌ನಲ್ಲಿ ನಡೆಯಲಿ, ಯಂತ್ರಕ್ಕೆ ಅರ್ಥಿಂಗ್ ಇರಲಿ. ಬೆಂಕಿ ಹೊತ್ತಿದರೆ ನೀರು, ಕಾರ್ಬನ್ ಡೈಆಕ್ಸೈಡ್ ಎರಡೂ ಬೇಡ. ಲೋಹದ ಬೆಂಕಿ ಆರಿಸಲೆಂದೇ ಇರುವ ಡಿ ದರ್ಜೆಯ ಪುಡಿ ಪಕ್ಕದಲ್ಲೇ ಇರಬೇಕು.