ಕೀಹೋಲ್ ಆಪರೇಷನ್‌ಗೆ ಮುಂಚಿನ ವಾರಗಳು

ನಂಗೆ ಕೀಹೋಲ್, ಅಂದ್ರೆ ಸಣ್ಣ ತೂತುಗಳ ಮೂಲಕ ಮಾಡೋ ತೂಕ ಇಳಿಸೋ ಆಪರೇಷನ್ ಆದ್ಮೇಲೆ ಯಾರೇ ಸಿಕ್ರೂ ಕೇಳೋದು ಎರಡೇ, ತುಂಬ ನೋವಾಯ್ತಾ, ಎಷ್ಟು ಕೆಜಿ ಇಳೀತು. ಅದಕ್ಕೂ ಮುಂಚೆ ಏನೇನ್ ತಯಾರಿ ಮಾಡ್ಕೊಂಡ್ರಿ ಅಂತ ಕೇಳೋರು ಕಮ್ಮಿ. ಆದ್ರೆ ಥಿಯೇಟರ್ ಒಳಗೆ ನಮಗೆ ಪ್ರಜ್ಞೆನೇ ಇರಲ್ಲ, ಅಲ್ಲಿ ಆಗೋದೆಲ್ಲ ಸರ್ಜನ್ನು ಮತ್ತೆ ಅವರ ಟೀಮಿನ ಕೈಲಿ, ನಮ್ಮ ಕೈಲಿರೋದು ಅದಕ್ಕೆ ಮುಂಚಿನ ವಾರಗಳು ಮಾತ್ರ. ಆ ವಾರಗಳಲ್ಲಿ ಡಾಕ್ಟ್ರು ಹೇಳೋ ಒಂದೊಂದಕ್ಕೂ "ಯಾಕೆ" ಅಂತ ಕೇಳ್ಬೇಕು ಅನ್ನೋದೇ ನಾನು ಹೇಳೋಕೆ ಹೊರಟಿರೋದು, ಯಾಕೆ ಅಂತ ಗೊತ್ತಾದ್ರೆ ಎಷ್ಟೇ ಕಷ್ಟ ಆದ್ರೂ ಅದನ್ನ ಮಾಡಕ್ಕೆ ಆಗತ್ತೆ.

ಮೊದಲು ಯಾವ ಆಪರೇಷನ್ ಅನ್ನೋದು. ಸ್ಲೀವ್ ಅಂದ್ರೆ ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿನೇ ಕತ್ತರಿಸಿ ತೆಗೆದು ಸಣ್ಣ ಕೊಳವೆ ಥರ ಉಳಿಸೋದು, ಬೈಪಾಸ್ ಅಂದ್ರೆ ಮೇಲ್ಗಡೆ ಒಂದು ಚಿಕ್ಕ ಚೀಲ ಮಾಡಿ ಅದಕ್ಕೆ ಸಣ್ಣ ಕರುಳನ್ನ ತಂದು ಜೋಡಿಸೋದು. ನಾನು ಸ್ಲೀವ್ ಅಂತಲೇ ಮನಸ್ಸಲ್ಲಿ ಇಟ್ಕೊಂಡು ಹೋಗಿದ್ದೆ, ಆದ್ರೆ ಮೊದಲಿಂದ್ಲೂ ಎದೆ ಉರಿ, ಹುಳಿ ತೇಗು ಇದೆ ಅಂದಾಗ ಡಾಕ್ಟ್ರು ಎಂಡೋಸ್ಕೋಪಿ ಮಾಡಿಸಿ ಅಂದ್ರು, ರಿಪೋರ್ಟ್ ನೋಡಿದ್ಮೇಲೆ ಬೈಪಾಸ್ ಬಗ್ಗೆ ಮಾತು ಶುರುವಾಯ್ತು, ಯಾಕಂದ್ರೆ ಸ್ಲೀವ್ ಆದ್ಮೇಲೆ ಕೆಲವರಿಗೆ ಎದೆ ಉರಿ ಜಾಸ್ತಿ ಆಗತ್ತೆ, ಬೈಪಾಸಲ್ಲಿ ಸಾಮಾನ್ಯವಾಗಿ ಕಮ್ಮಿ ಆಗತ್ತೆ. ಎದೆ ಉರಿ ತಾನೇ, ಅದೇನ್ ಹೇಳೋದು ಅಂತ ಸುಮ್ನಿರ್ಬೇಡಿ. ಇಂಥ ಆಪರೇಷನ್ ಎಷ್ಟು ಮಾಡಿದೀರಿ, ತೊಂದರೆ ಆದ್ರೆ ಮತ್ತೆ ನೀವೇ ನೋಡ್ತೀರಾ, ಇದನ್ನೂ ಧೈರ್ಯವಾಗಿ ಕೇಳಿ, ಒಳ್ಳೆ ಸರ್ಜನ್ ಬೇಜಾರು ಮಾಡ್ಕೊಳಲ್ಲ.

ಈಗ ಎಲ್ಲರೂ ಹೆದರೋ ಲಿವರ್ ಡಯಟ್. ಸಾಮಾನ್ಯವಾಗಿ ಆಪರೇಷನ್‌ಗೆ ಎರಡು ವಾರ ಮುಂಚೆ ಶುರು, ದಿನಕ್ಕೆ 800ರಿಂದ 1000 ಕ್ಯಾಲೊರಿ, ಕಾರ್ಬೋಹೈಡ್ರೇಟ್ ಕಮ್ಮಿ, ಪ್ರೋಟೀನ್ ಸಾಕಷ್ಟು. ನಾನಂತೂ ಇದು ತೂಕ ಇಳಿಸಕ್ಕೆ ಮನಸ್ಸಿದ್ಯಾ ಇಲ್ವಾ ಅಂತ ನೋಡೋ ಪರೀಕ್ಷೆ ಅಂದ್ಕೊಂಡಿದ್ದೆ, ಹಾಗಲ್ಲ. ಲಿವರಿನ ಎಡಭಾಗ ಹೊಟ್ಟೆಯ ಮೇಲ್ಭಾಗವನ್ನ ಮುಚ್ಚಿಕೊಂಡಿರತ್ತೆ, ಸರ್ಜನ್ ಅದನ್ನ ಪಕ್ಕಕ್ಕೆ ಎತ್ತಿ ಹಿಡಿದು ಅದರ ಕೆಳಗೆ ಕೆಲಸ ಮಾಡ್ಬೇಕು, ತೂಕ ಜಾಸ್ತಿ ಇರೋರಲ್ಲಿ ಕೊಬ್ಬು ತುಂಬಿ ಲಿವರ್ ದಪ್ಪಗಿರತ್ತೆ, ಎತ್ತೋವಾಗ ಗಾಯ ಆಗಿ ರಕ್ತ ಬರಬಹುದು, ಒಳಗೆ ಸರಿಯಾಗಿ ಕಾಣ್ಸಲ್ಲ. ಕಾರ್ಬ್ಸ್ ಕಮ್ಮಿ ಮಾಡಿದ್ರೆ ಲಿವರ್ ತಾನು ಕೂಡಿಟ್ಟಿರೋ ಗ್ಲೈಕೋಜನ್ ಅನ್ನೋ ಸಕ್ಕರೆ ದಾಸ್ತಾನನ್ನ ಖರ್ಚು ಮಾಡತ್ತೆ, ಅದರ ಜೊತೆಗಿರೋ ನೀರೂ ಹೋಗತ್ತೆ, ಕೊಬ್ಬೂ ಸ್ವಲ್ಪ ಇಳಿಯತ್ತೆ, ಅದಕ್ಕೇ ಇಷ್ಟು ಬೇಗ ಲಿವರ್ ಚಿಕ್ಕದಾಗೋದು. ಇದು ಗೊತ್ತಾದ್ಮೇಲೆ ಹಸಿವಾದಾಗೆಲ್ಲ ಒಳಗೆ ಸರ್ಜನ್‌ಗೆ ಜಾಗ ಮಾಡಿಕೊಡ್ತಿದೀನಿ ಅಂತ ನೆನಪು ಮಾಡ್ಕೋತಿದ್ದೆ. ಮೊದಲ ಕೆಲವು ದಿನ ತಲೆನೋವು, ಸಿಡಿಸಿಡಿ ಎಲ್ಲ ಇತ್ತು, ಆಮೇಲೆ ಹೊಂದ್ಕೊಂಡ್ತು.

ಶುಗರ್ ಇರೋರು ಈ ಭಾಗ ಎರಡು ಸಲ ಓದಿ ದಯವಿಟ್ಟು. ಊಟ ಅಷ್ಟು ಕಮ್ಮಿ ಮಾಡಿ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಥರದ ಮಾತ್ರೆ ಮೊದಲಿನ ಡೋಸಲ್ಲೇ ತಗೊಂಡ್ರೆ ಶುಗರ್ ಲೋ ಆಗೋ ಅಪಾಯ ಇದೆ, ಹಾಗಾಗಿ ಡಯಟ್ ಶುರು ಮಾಡೋ ಮುಂಚೆನೇ ಡೋಸ್ ಬಗ್ಗೆ ಡಾಕ್ಟ್ರನ್ನ ಕೇಳಿರ್ಬೇಕು. ಇನ್ನು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಶುಗರ್ ಮಾತ್ರೆ ಬರತ್ತಲ್ಲ, ಅವನ್ನ ಆಪರೇಷನ್‌ಗೆ ಕನಿಷ್ಠ 3 ದಿನ ಮುಂಚೆ ನಿಲ್ಲಿಸ್ತಾರೆ, ಈ ಡಯಟ್ ಇದ್ರೆ ಇನ್ನೂ ಮುಂಚೆನೇ ನಿಲ್ಲಿಸಿ ಅನ್ನಬಹುದು, ಯಾಕಂದ್ರೆ ಇವನ್ನ ತಗೊಂಡು ಉಪವಾಸ ಇದ್ರೆ ಮೀಟರಲ್ಲಿ ಶುಗರ್ ಹೆಚ್ಚುಕಮ್ಮಿ ಸರಿಯಾಗೇ ಕಾಣ್ಸಿದ್ರೂ ರಕ್ತದಲ್ಲಿ ಕೀಟೋನ್ ಏರಿ ಕೀಟೋಆಸಿಡೋಸಿಸ್, ಅಂದ್ರೆ ರಕ್ತ ಆಮ್ಲೀಯವಾಗಿ ಜೀವಕ್ಕೇ ಅಪಾಯ ತರೋ ಸ್ಥಿತಿ, ಆಗಬಹುದು. ಸೆಮಾಗ್ಲುಟೈಡ್ ಥರದ ವಾರದ ಇಂಜೆಕ್ಷನ್ ತಗೊಳೋರು ಅರಿವಳಿಕೆ ಡಾಕ್ಟ್ರಿಗೆ ಹೇಳ್ಲೇಬೇಕು, ಅದರಿಂದ ಹೊಟ್ಟೆ ಖಾಲಿಯಾಗೋದು ನಿಧಾನ, ಪ್ರಜ್ಞೆ ತಪ್ಪಿಸಿದಾಗ ಒಳಗಿರೋದು ಶ್ವಾಸಕೋಶಕ್ಕೆ ಹೋಗೋ ಭಯ ಇರತ್ತೆ. ರಕ್ತ ತೆಳು ಮಾಡೋ ಮಾತ್ರೆ, ಗರ್ಭನಿರೋಧಕ ಮಾತ್ರೆ, ಮೂಲಿಕೆ ಪುಡಿ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ತಗೊಂಡು ಹೋಗಿ ಟೇಬಲ್ ಮೇಲಿಡಿ. ನೀವಾಗೇ ಯಾವುದನ್ನೂ ನಿಲ್ಲಿಸ್ಬೇಡಿ.

ಗೊರಕೆ ಬಗ್ಗೆ ಹೇಳಕ್ಕೆ ನಾಚಿಕೆ ಪಡೋರನ್ನ ನೋಡಿದೀನಿ. ಅದು ಸ್ಲೀಪ್ ಆಪ್ನಿಯಾ, ಅಂದ್ರೆ ನಿದ್ದೇಲಿ ಆಗಾಗ ಉಸಿರು ನಿಂತು ಹೋಗೋ ತೊಂದರೆ ಇರಬಹುದು, ಅರಿವಳಿಕೆ ಆದ್ಮೇಲೆ ಉಸಿರಾಟಕ್ಕೆ ತೊಂದರೆ ಬರೋದು ಇಂಥವರಿಗೇ ಜಾಸ್ತಿ, ಅದಕ್ಕೆ ಮಲಗೋವಾಗ ಮಾಸ್ಕಲ್ಲಿ ಗಾಳಿ ಕೊಡೋ ಸಿಪ್ಯಾಪ್ ಮೆಷಿನ್ ಇದ್ರೆ ಆಸ್ಪತ್ರೆಗೆ ಜೊತೇಲೇ ತಗೊಂಡು ಹೋಗಿ. ಸಿಗರೇಟ್ ಬಿಡೋದಕ್ಕೆ ಕೊನೇ ವಾರ ಅಂತ ಕಾಯೋ ಹಾಗಿಲ್ಲ, ಒಂದು ತಿಂಗಳಿಗೂ ಮುಂಚೆನೇ ಬಿಡಬೇಕು, ಆಮೇಲೂ ಸೇದೋ ಹಾಗಿಲ್ಲ, ಬೈಪಾಸ್ ಆದೋರಿಗೆ ಜೋಡಿಸಿದ ಜಾಗದಲ್ಲೇ ಹುಣ್ಣಾಗೋ ಅಪಾಯ ಜಾಸ್ತಿ.

ಬೇರಿಯಾಟ್ರಿಕ್, ಅಂದ್ರೆ ತೂಕ ಇಳಿಸೋ ಆಪರೇಷನ್ ಅಲ್ದೆ ಪಿತ್ತಕೋಶ, ಹರ್ನಿಯಾ ಅಂತ ಕೀಹೋಲ್ ಆಪರೇಷನ್ ಮಾಡಿಸ್ಕೊಳೋರಿಗೂ ಹೇಳೋ ಮಾತು, ತೂತು ಚಿಕ್ಕದು ಅಂತ ಆಪರೇಷನ್ ಚಿಕ್ಕದಲ್ಲ. 5ರಿಂದ 12 ಮಿಲಿಮೀಟರಿನ ಕೆಲವು ತೂತು, ಹೊಟ್ಟೆ ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸ್ತಾರೆ, ಕ್ಯಾಮೆರಾ ನೋಡ್ಕೊಂಡು ಕೆಲಸ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಮೊದಲ ಸಲ ಪಿತ್ತಕೋಶವನ್ನ ಈ ದಾರಿಲಿ ತೆಗೆದಾಗ ಅಲ್ಲಿನ ಸರ್ಜನ್‌ಗಳೇ ಒಪ್ಪಿರ್ಲಿಲ್ಲ, ಇವತ್ತು ಪಿತ್ತಕೋಶಕ್ಕೆ ಎಲ್ಲ ಕಡೆ ಮೊದಲು ಹೇಳೋದೇ ಇದನ್ನ. ಆದ್ರೂ ಒಳಗೆ ಅಂಟಿಕೊಂಡಿದ್ರೆ ಅಥವಾ ರಕ್ತ ನಿಲ್ಲದಿದ್ರೆ ಓಪನ್ ಮಾಡ್ಬೇಕಾಗತ್ತೆ, ಸಹಿ ಹಾಕಿಸ್ಕೊಳೋ ಫಾರಂನಲ್ಲಿ ಅದೂ ಇರತ್ತೆ, ಓದಿ ಹಾಕಿ. ಎದ್ದಾಗ ಹೊಟ್ಟೆಗಿಂತ ಭುಜ ನೋವಾದ್ರೆ ಗಾಬರಿ ಬೇಡ, ಗ್ಯಾಸಿಂದ ಎದೆ ಮತ್ತೆ ಹೊಟ್ಟೆ ಮಧ್ಯ ಇರೋ ಸ್ನಾಯುವಿನ ಪರದೆಗೆ, ಅಂದ್ರೆ ವಪೆಗೆ, ಕಿರಿಕಿರಿಯಾಗಿ ಅದೇ ನರದ ದಾರಿಲಿ ಭುಜದಲ್ಲಿ ನೋವು ಅನ್ಸತ್ತೆ, ಓಡಾಡಿದ್ರೆ ಕಮ್ಮಿಯಾಗತ್ತೆ. ಓಡಾಡಿಸೋದು ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತಲೂ ಹೌದು.

ಹಿಂದಿನ ರಾತ್ರಿಯ ಉಪವಾಸ ಎಲ್ಲರಿಗೂ ಗೊತ್ತಿರೋದೇ, ಸಾಮಾನ್ಯವಾಗಿ ಗಟ್ಟಿ ಆಹಾರ 6 ಗಂಟೆ ಮುಂಚೆ, ಬರೀ ನೀರು 2 ಗಂಟೆ ಮುಂಚೆವರೆಗೆ, ನಿಮ್ಮ ಡಾಕ್ಟ್ರು ಬೇರೆ ಹೇಳಿದ್ರೆ ಅದೇ. ಬಿ12, ಕಬ್ಬಿಣ, ವಿಟಮಿನ್ ಡಿ ಮುಂಚೆನೇ ಟೆಸ್ಟ್ ಮಾಡಿಸಿ ಕಮ್ಮಿ ಇದ್ರೆ ಸರಿ ಮಾಡ್ಕೊಂಡೇ ಹೋಗಿ, ತೂಕ ಇಳಿಸೋ ಆಪರೇಷನ್ ಆದ್ಮೇಲೆ ಜೀವನಪೂರ್ತಿ ವಿಟಮಿನ್ ತಗೊಳೋದು ಹೇಗೂ ಇದ್ದೇ ಇದೆ.

ಕೊನೇದು ಮನೆಯವರಿಗೆ ಸಂಬಂಧಪಟ್ಟಿದ್ದು. ಮನೆಗೆ ಬಂದ್ಮೇಲೆ ಎದೆಬಡಿತ ಸುಮ್ಸುಮ್ನೆ ಜೋರಾಗೇ ಇದ್ರೆ, ಜ್ವರ, ಏದುಸಿರು, ಹೊಟ್ಟೆನೋವು ಹೆಚ್ಚಾಗ್ತಾ ಹೋದ್ರೆ, ಕಾಲು ಊದಿದ್ರೆ, ಬೆಳಗಾಗ್ಲಿ ಅಂತ ಕಾಯಬಾರದು, ಹೊಲಿಗೆ ಸೋರ್ತಿರಬಹುದು ಅಥವಾ ರಕ್ತ ಹೆಪ್ಪುಗಟ್ಟಿರಬಹುದು. ಹಾಗಾದಾಗ ರಾತ್ರಿ ಯಾವ ನಂಬರಿಗೆ ಫೋನ್ ಮಾಡ್ಬೇಕು ಅಂತ ಅಡ್ಮಿಟ್ ಆಗೋ ಮುಂಚೆನೇ ಕೇಳಿ ಬರ್ಕೊಳ್ಳಿ, ನಿಮ್ಮ ಫೋನಲ್ಲಷ್ಟೇ ಅಲ್ಲ, ಜೊತೆಗಿರೋರ ಫೋನಲ್ಲೂ ಸೇವ್ ಮಾಡಿಸಿ.